ವಿಆರ್ ಹೆಡ್‌ಸೆಟ್ ನಿಜವಾಗಿ ದಿನನಿತ್ಯದ ವಸ್ತು ಆಗುತ್ತದಾ? ಬಳಸಿದವರು ಹೇಳಿ

ದಾರಿಹೋಕ:
ಎಲ್ಲರಿಗೂ ನಮಸ್ಕಾರ. 2014ರಲ್ಲಿ ಫೇಸ್‌ಬುಕ್ ಹೆಡ್‌ಸೆಟ್ ಮಾಡುವ ಆಕ್ಯುಲಸ್ ಕಂಪನಿಯನ್ನು ಕೊಂಡಾಗ, ಇನ್ನೇನು ವಿಆರ್ (ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಕಟ್ಟಿಕೊಂಡು ನೋಡುವ ಕೃತಕ ಲೋಕ) ಎಲ್ಲರ ಮನೆಗೂ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. 2021ರಲ್ಲಿ ಅದೇ ಕಂಪನಿ ತನ್ನ ಹೆಸರನ್ನೇ ಮೆಟಾ ಎಂದು ಬದಲಾಯಿಸಿಕೊಂಡಿತು. 2024ರಲ್ಲಿ ಆ್ಯಪಲ್‌ನ ವಿಷನ್ ಪ್ರೊ ಹೆಡ್‌ಸೆಟ್ ಬಂತು. ಇಷ್ಟೆಲ್ಲ ಆದರೂ ನನಗೆ ಗೊತ್ತಿರುವವರಲ್ಲಿ ದಿನಾ ಹೆಡ್‌ಸೆಟ್ ಹಾಕುವವರು ತೀರಾ ಕಡಿಮೆ. ನಮ್ಮ ಮನೆಯಲ್ಲೂ ಒಂದಿದೆ. ರಜೆ ಬಂದರೆ ಮಗಳು ಆಡುತ್ತಾಳೆ, ಉಳಿದಂತೆ ಕಪಾಟಿನಲ್ಲಿರುತ್ತದೆ.

ಫೋನ್ ಬಂದ ಮೇಲೆ ನಾವು ಏಳುವುದು, ಮಲಗುವುದು, ಮಾತಾಡುವುದು ಎಲ್ಲ ಬದಲಾಯಿತು. ವಿಆರ್‌ನಿಂದ ಅಂಥದ್ದೇನಾದರೂ ಆಗುತ್ತದಾ? ಕೆಲಸ, ಓದು, ಚಿಕಿತ್ಸೆ, ನೆಂಟಸ್ತನ – ಇದರಲ್ಲಿ ಯಾವುದು ನಿಜವಾಗಿ ಬದಲಾಗುತ್ತದೆ? ಜಾಹೀರಾತಿನ ಮಾತು ಬೇಡ, ಕೈಯಾರೆ ಬಳಸಿದವರ ಮಾತು ಬೇಕು.

ತೇಲುಮೋಡ:
ಆಗುವುದಿಲ್ಲ. ಮುಖಕ್ಕೆ ಅರ್ಧ ಕಿಲೋ ತೂಕ ಕಟ್ಟಿಕೊಂಡು ಯಾರು ದಿನ ಕಳೆಯುತ್ತಾರೆ?

ಕಣ್ಣುಪಟ್ಟಿ:
ತೂಕ ಒಂದು ಕಾರಣವೇ ಅಲ್ಲ ಸರ್. 1968ರಲ್ಲಿ ಐವನ್ ಸದರ್‌ಲ್ಯಾಂಡ್ ಮಾಡಿದ ಸಾಧನವನ್ನು ತಲೆ ಹೊರಲಾಗದೆ ಚಾವಣಿಯಿಂದ ನೇತುಹಾಕಿದ್ದರು. ಅದರಲ್ಲಿ ಕಾಣುತ್ತಿದ್ದದ್ದು ಬರೀ ಗೆರೆಗಳ ಪೆಟ್ಟಿಗೆ. 2023ರಲ್ಲಿ ಬಂದ ಮೆಟಾದ ಹೆಡ್‌ಸೆಟ್ ಕ್ವೆಸ್ಟ್ 3 ನೋಡಿ: 515 ಗ್ರಾಂ. ಕಂಪ್ಯೂಟರ್, ಬ್ಯಾಟರಿ, ಕ್ಯಾಮೆರಾ ಎಲ್ಲ ಅದರೊಳಗೇ ಇದೆ, ಒಂದು ವೈರೂ ಇಲ್ಲ. ಇದು ಇನ್ನೂ ಇಳಿಯುತ್ತಲೇ ಹೋಗುತ್ತದೆ. ನಾನು ಈ ಕ್ಷೇತ್ರದಲ್ಲೇ ಪ್ರೋಗ್ರಾಮರ್ ಆಗಿ ಕೆಲಸ ಮಾಡುತ್ತೇನೆ.

ಹಳೇಗಡಿಯಾರ:
ಈ 'ಇನ್ನೇನು ಬಂತು' ಎಂಬ ಮಾತಿಗೆ ತುಂಬಾ ವಯಸ್ಸಾಗಿದೆ. ಮಾರ್ಟನ್ ಹೈಲಿಗ್ ಎಂಬಾತನಿಗೆ ಸೆನ್ಸೊರಾಮಾ ಯಂತ್ರದ ಪೇಟೆಂಟ್ ಸಿಕ್ಕಿದ್ದು 1962ರಲ್ಲಿ. ಕುರ್ಚಿಯಲ್ಲಿ ಕೂತು ಮುಖ ಒಳಗೆ ಹಾಕಿದರೆ ಮೂರು ಆಯಾಮದ ಚಿತ್ರ, ಸದ್ದು, ಗಾಳಿ, ವಾಸನೆ ಕೂಡ ಬರುತ್ತಿತ್ತು. ಅದಕ್ಕೆ ಬಂಡವಾಳ ಹಾಕುವವರೇ ಸಿಗಲಿಲ್ಲ. 80ರ ದಶಕದಲ್ಲಿ ಜರಾನ್ ಲನಿಯರ್ ಅವರ ವಿಪಿಎಲ್ ಕಂಪನಿ ಕನ್ನಡಕ, ಕೈಗವಸು ಎರಡನ್ನೂ ಮಾರಿತು, ಆಮೇಲೆ ದಿವಾಳಿ ಆಯಿತು. 1995ರಲ್ಲಿ ನಿಂಟೆಂಡೊ ವರ್ಚುವಲ್ ಬಾಯ್ ತಂದಿತು. ಕಪ್ಪು ಹಿನ್ನೆಲೆಯಲ್ಲಿ ಬರೀ ಕೆಂಪು ಚಿತ್ರ. ಮರು ವರ್ಷಕ್ಕೆ ಅದೂ ಮುಗಿಯಿತು.

ಪ್ರತಿ ಸಲವೂ ಸಾಧನ ಹಿಂದಿನದಕ್ಕಿಂತ ಚೆನ್ನಾಗಿಯೇ ಇತ್ತು. ಜನ ಮಾತ್ರ ಒಂದು ಸಲ ನೋಡಿ ಆಹಾ ಎಂದು ಕೆಳಗಿಟ್ಟರು. ಹಾಗಾಗಿ ಇದನ್ನು ತೂಕದ ಲೆಕ್ಕದಲ್ಲಿ ನೋಡಬೇಡಿ. ಎರಡನೇ ದಿನ ಯಾಕೆ ಹಾಕಿಕೊಳ್ಳಬೇಕು ಎನ್ನುವುದಕ್ಕೆ ಉತ್ತರ ಬೇಕು.

ನಡುರಾತ್ರಿ:
ಎರಡನೇ ದಿನದ ಪ್ರಶ್ನೆ, ಸರಿಯಾಗಿ ಹೇಳಿದಿರಿ 👍

ಸೂಜಿಮೊನೆ:
ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಆ ಎರಡನೇ ದಿನದ ಉತ್ತರ ನಮ್ಮಲ್ಲಿ ಸಿಕ್ಕಿದೆ, ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಾವು ಮಾಡಿಸುವ ಒಂದು ಅಭ್ಯಾಸ ಹೀಗಿದೆ. ವಿದ್ಯಾರ್ಥಿ ಹೆಡ್‌ಸೆಟ್ ಹಾಕುತ್ತಾಳೆ. ವಾರ್ಡಿನಲ್ಲಿ ಒಬ್ಬ ರೋಗಿ ಮಲಗಿದ್ದಾನೆ, ಮಾತಾಡುತ್ತಿದ್ದಾನೆ. ಮಾತಾಡುತ್ತಲೇ ಉಸಿರು ಏರುತ್ತದೆ, ತುಟಿ ನೀಲಿಯಾಗುತ್ತದೆ. ಇದನ್ನು ಪುಸ್ತಕದಲ್ಲಿ ಎಲ್ಲರೂ ಓದಿರುತ್ತಾರೆ, ಪರೀಕ್ಷೆಯಲ್ಲಿ ಸರಿಯಾಗೇ ಬರೆಯುತ್ತಾರೆ. ಒಳಗೆ ನಿಂತಾಗ ಏನಾಗುತ್ತದೆ ಗೊತ್ತಾ? ತುಂಬಾ ಮಕ್ಕಳು ಮಾನಿಟರ್ ಕಡೆ ತಿರುಗಿ ಸಂಖ್ಯೆ ನೋಡುತ್ತಾ ನಿಂತುಬಿಡುತ್ತಾರೆ. ರೋಗಿಯ ಮುಖ ನೋಡುವುದೇ ಇಲ್ಲ. ಕೆಲವರು ಬಾಗಿಲ ಕಡೆ ನೋಡುತ್ತಾರೆ, ಬೇರೆ ಯಾರಾದರೂ ಬಂದಾರು ಎಂದು. ಅಭ್ಯಾಸ ಮುಗಿದ ಮೇಲೆ ತಲೆ ಎಲ್ಲಿ ತಿರುಗಿತ್ತು ಎನ್ನುವುದನ್ನು ನಾವು ಮತ್ತೆ ಹಾಕಿ ತೋರಿಸುತ್ತೇವೆ. 'ಮೇಡಂ, ಅಷ್ಟು ಹೊತ್ತು ನಾನು ರೋಗಿಯ ಕಡೆ ನೋಡೇ ಇಲ್ವಾ?' ಎಂದು ಅವರೇ ಕೇಳುತ್ತಾರೆ. ಮುಂದಿನ ಸಲ ಮೊದಲು ಮುಖ ನೋಡುತ್ತಾರೆ. ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ಇದು ತಲೆಗೆ ಹೋಗುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಇದಕ್ಕೆ ಹಳೆಯ ಪುರಾವೆಯೇ ಇದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಮಾಡಿ 2002ರಲ್ಲಿ ಪ್ರಕಟವಾದ ಅಧ್ಯಯನ. ವಿಆರ್ ಸಿಮ್ಯುಲೇಟರ್‌ನಲ್ಲಿ ಕಲಿತ ಯುವ ಸರ್ಜನ್‌ಗಳು ಪಿತ್ತಕೋಶ ಬಿಡಿಸುವ ಕೆಲಸವನ್ನು ಉಳಿದವರಿಗಿಂತ ಶೇ. 29ರಷ್ಟು ಬೇಗ ಮುಗಿಸಿದರು, ತಪ್ಪುಗಳೂ ಕಡಿಮೆ. ಅದು ಹೆಡ್‌ಸೆಟ್ ಇಲ್ಲದ, ಪರದೆ ಮೇಲಿನ ಸಿಮ್ಯುಲೇಟರ್ ಎನ್ನುವುದು ನಿಜ. ಆದರೂ ತತ್ವ ಅದೇ: ತಪ್ಪು ಮಾಡಿದರೂ ಯಾರಿಗೂ ನೋವಾಗದ ಜಾಗದಲ್ಲಿ ಮೊದಲ ತಪ್ಪು ಆಗಿ ಹೋಗಲಿ.

ತೇಲುಮೋಡ:
ಒಪ್ಪಿದೆ ಮೇಡಂ, ಆದರೆ ಇದು ತರಬೇತಿ. ಪೈಲಟ್‌ಗಳಿಗೂ ಸಿಮ್ಯುಲೇಟರ್ ಎಷ್ಟೋ ಕಾಲದಿಂದ ಇದೆ. ಅದರಿಂದ ನಮ್ಮ ನಿಮ್ಮ ದಿನಚರಿ ಬದಲಾಯಿತಾ?

ಸೂಜಿಮೊನೆ:
ಪೈಲಟ್ ಸಿಮ್ಯುಲೇಟರ್ ಒಂದು ಕೋಣೆಯಷ್ಟು ದೊಡ್ಡದು, ಕೆಲವೇ ಕಡೆ ಇರುತ್ತದೆ. ಇದು ಚೀಲದಲ್ಲಿ ಹಿಡಿಸುತ್ತದೆ. ವ್ಯತ್ಯಾಸ ಇರುವುದು ಅಲ್ಲೇ. ವಾಲ್‌ಮಾರ್ಟ್ 2018ರಲ್ಲಿ ತನ್ನ ಅಂಗಡಿಗಳ ಸಿಬ್ಬಂದಿಗೆ ಕಲಿಸಲು 17,000 ಹೆಡ್‌ಸೆಟ್ ತರಿಸಿತು. ಕೌಂಟರಿನಲ್ಲಿ ನಿಲ್ಲುವವರಿಗೂ ಸಿಮ್ಯುಲೇಟರ್ ಸಿಕ್ಕಿತು ಎಂದರೆ ಅದು ದಿನಚರಿಗೆ ಬಂದ ಹಾಗೇ ಅಲ್ವಾ?

ಕಣ್ಣುಪಟ್ಟಿ:
ಇನ್ನೊಂದು ವಿಷಯ. ದಿನನಿತ್ಯದ ವಸ್ತು ಎಂದರೆ ದಿನವಿಡೀ ಹಾಕುವ ವಸ್ತು ಎಂದು ಯಾಕೆ ತಿಳಿಯಬೇಕು? ಹೆಲ್ಮೆಟ್ಟನ್ನು ಗಾಡಿ ಹತ್ತುವಾಗ ಮಾತ್ರ ಹಾಕುತ್ತೇವೆ, ಇಳಿದ ಮೇಲೆ ತೆಗೆಯುತ್ತೇವೆ.

ಗುಬ್ಬಿಗೂಡು:
ನೋವಿನ ವಿಷಯ ಯಾರೂ ಎತ್ತಲಿಲ್ಲ. ಸುಟ್ಟ ಗಾಯಕ್ಕೆ ಡ್ರೆಸಿಂಗ್ ಮಾಡುವಾಗ ಆಗುವ ನೋವು ಮಾತಿಗೆ ಸಿಗುವಂಥದ್ದಲ್ಲ. ವಾಷಿಂಗ್‌ಟನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಹಾಫ್‌ಮನ್ ಮತ್ತು ಜೊತೆಯವರು ಅದಕ್ಕೆಂದೇ ಸ್ನೋವರ್ಲ್ಡ್ ಎಂಬ ವಿಆರ್ ಲೋಕ ಮಾಡಿದರು. ಹಿಮದ ಕಣಿವೆ, ಹಿಮದ ಗೊಂಬೆಗಳು, ಪೆಂಗ್ವಿನ್. ರೋಗಿ ಹಿಮದ ಉಂಡೆ ಎಸೆಯುತ್ತಾ ಸಾಗುವಾಗ ಇತ್ತ ಡ್ರೆಸಿಂಗ್ ನಡೆಯುತ್ತದೆ. ನೋವಿಗೆ ನಮ್ಮ ಗಮನ ಬೇಕು. ಗಮನ ಬೇರೆ ಕಡೆ ಸಿಕ್ಕಿಕೊಂಡಿದ್ದರೆ ನೋವು ಕಡಿಮೆ ಅನಿಸುತ್ತದೆ. ಔಷಧಿ ನಿಲ್ಲಿಸಿ ಇದನ್ನು ಕೊಡುವುದಲ್ಲ, ಔಷಧಿಯ ಜೊತೆಗೆ ಇದು.

ಬಹಳ ಕಾಲದ ಸೊಂಟನೋವಿಗೆ ಮನೆಯಲ್ಲೇ ಬಳಸುವ ಒಂದು ವಿಆರ್ ಕಾರ್ಯಕ್ರಮಕ್ಕೆ 2021ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿದೆ. ನಮ್ಮ ಯಜಮಾನರಿಗೂ ಹಳೆಯ ಸೊಂಟನೋವು. ಅವರು ಬಳಸುವುದು ಬೇರೆ, ಉಸಿರಾಟ ಕಲಿಸುವಂಥದ್ದು. ಉಸಿರು ಬಿಟ್ಟಾಗ ಎದುರಿಗಿರುವ ಮರ ನಿಧಾನಕ್ಕೆ ಬೆಳೆಯುತ್ತದೆ. ಅವಸರದಲ್ಲಿ ಬಿಟ್ಟರೆ ಬೆಳೆಯುವುದಿಲ್ಲ. ನೋವು ಹೋಯಿತು ಎಂದು ಅವರು ಯಾವತ್ತೂ ಹೇಳಿಲ್ಲ. 'ನೋವು ಇದೆ, ಆದರೆ ಅದರ ಜೊತೆ ಜಗಳ ಇಲ್ಲ' ಎನ್ನುತ್ತಾರೆ. ರಾತ್ರಿ ನಿದ್ದೆ ಮಾಡುತ್ತಾರೆ. ನನಗೆ ಅಷ್ಟು ಸಾಕು.

ಮಳೆಬಿಲ್ಲು:
ಗುಬ್ಬಿಗೂಡು ಅಕ್ಕಾ, ಓದಿ ಖುಷಿಯಾಯಿತು. ಎತ್ತರದ ಭಯವೂ ಇದರಿಂದ ವಾಸಿ ಆಗುತ್ತದಂತೆ. ನನಗೆ ಗಾಜಿನ ಲಿಫ್ಟ್ ಕಂಡರೇ ಕಾಲು ನಡುಗುತ್ತದೆ. ಮನೆಯಲ್ಲೇ ಒಂದು ಆ್ಯಪ್ ಹಾಕಿಕೊಂಡರೆ ಆಯಿತಲ್ಲ?

ಸೂಜಿಮೊನೆ:
ಸ್ವಲ್ಪ ನಿಲ್ಲಿ. ಬಾರ್ಬರಾ ರೋತ್‌ಬಾಮ್ ಮತ್ತು ತಂಡ 1995ರಲ್ಲೇ ಎತ್ತರದ ಭಯಕ್ಕೆ ವಿಆರ್ ಬಳಸಿ ಫಲಿತಾಂಶ ತೋರಿಸಿದ್ದಾರೆ, ಅದು ಸರಿ. ಆದರೆ ಅಲ್ಲಿ ಪಕ್ಕದಲ್ಲಿ ಚಿಕಿತ್ಸಕರು ಇದ್ದರು. ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು ಎನ್ನುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಭಯ ಇಳಿಯುವ ತನಕ ಅಲ್ಲೇ ನಿಲ್ಲಬೇಕು. ಭಯ ತುದಿಯಲ್ಲಿರುವಾಗಲೇ ಹೆಡ್‌ಸೆಟ್ ಕಿತ್ತು ಎಸೆದರೆ, ತಪ್ಪಿಸಿಕೊಂಡರೆ ಮಾತ್ರ ಸುಖ ಎಂದು ಮನಸ್ಸು ಕಲಿಯುತ್ತದೆ, ಭಯ ಇನ್ನೂ ಗಟ್ಟಿಯಾಗಬಹುದು. ದಯವಿಟ್ಟು ಒಬ್ಬ ಮನಶ್ಶಾಸ್ತ್ರಜ್ಞರ ಜೊತೆ ಮಾಡಿ.

ನಡುರಾತ್ರಿ:
ಕೆಲಸದ ವಿಷಯಕ್ಕೆ ಬರುತ್ತೇನೆ. ಮಾನಿಟರ್ ಬದಲು ಹೆಡ್‌ಸೆಟ್ಟಿನಲ್ಲೇ ಕೋಡ್ ಬರೆಯಲು ಪ್ರಯತ್ನ ಮಾಡಿದ್ದೇನೆ. ಸುತ್ತಲೂ ದೊಡ್ಡ ದೊಡ್ಡ ಪರದೆ, ಮೊದಲಿಗೆ ಚೆನ್ನಾಗೇ ಇರುತ್ತದೆ. ಆದರೆ ಅಕ್ಷರದ ಅಂಚು ಮಸುಕು. ಅಲ್ಪವಿರಾಮ ಯಾವುದು, ಚುಕ್ಕೆ ಯಾವುದು ಎಂದು ನೋಡಲು ತಲೆ ಮುಂದೆ ಚಾಚುತ್ತೇವೆ, ಕತ್ತು ಹಿಡಿಯುತ್ತದೆ. ಪಟ್ಟಿ ಒತ್ತಿದ ಗುರುತು ಹಣೆ ಮೇಲೆ ಹಾಗೇ ಉಳಿಯುತ್ತದೆ. ಮೀಟಿಂಗ್‌ಗೆ ಕ್ಯಾಮೆರಾ ಆನ್ ಮಾಡಲು ಹಿಂಜರಿಕೆ.

ಇದು ನನ್ನೊಬ್ಬನ ಕಥೆ ಅಲ್ಲ. 2022ರಲ್ಲಿ ಯುರೋಪಿನ ಸಂಶೋಧಕರು ಕೆಲವರನ್ನು ಒಂದು ವಾರ, ದಿನಕ್ಕೆ 8 ಗಂಟೆ ವಿಆರ್‌ನಲ್ಲೇ ಕೆಲಸ ಮಾಡಿಸಿ ನೋಡಿದರು. ಇಬ್ಬರು ಮೊದಲ ದಿನವೇ ಬಿಟ್ಟು ಹೋದರು. ಉಳಿದವರೂ ಮಾಮೂಲಿ ಮೇಜಿಗೆ ಹೋಲಿಸಿದರೆ ಸುಸ್ತು ಜಾಸ್ತಿ, ಕಣ್ಣಿನ ತೊಂದರೆ ಜಾಸ್ತಿ ಎಂದರು.

ಕಣ್ಣುಪಟ್ಟಿ:
ಅದೇ ಅಧ್ಯಯನದಲ್ಲಿ, ವಾರ ಮುಗಿಯುವ ಹೊತ್ತಿಗೆ ಜನ ಸ್ವಲ್ಪ ಸ್ವಲ್ಪ ಹೊಂದಿಕೊಂಡರು ಅಂತಲೂ ಇದೆ. ಅದನ್ನೂ ಹೇಳಬೇಕು. ಅವರು ಬಳಸಿದ್ದು ಕ್ವೆಸ್ಟ್ 2, ಹಳೆಯದು. ಅಕ್ಷರ ಮಸುಕಾಗುವುದಕ್ಕೆ ಕಾರಣ ಸರಳ. ಒಳ್ಳೆಯ ಕಣ್ಣು ನೋಟದ ಪ್ರತಿ ಡಿಗ್ರಿ ಅಗಲಕ್ಕೆ ಸುಮಾರು 60 ಪಿಕ್ಸೆಲ್‌ವರೆಗೆ ಗುರುತಿಸಬಲ್ಲದು. ಕ್ವೆಸ್ಟ್ 3ರಲ್ಲಿ ಸುಮಾರು 25 ಇದೆ. ಅರ್ಧ ದಾರಿಯೂ ಆಗಿಲ್ಲ, ಆದರೆ ದಾರಿ ಗೊತ್ತಿದೆ.

ಬೆಳಕಿನಕಿಂಡಿ:
ನಾನು ಕಣ್ಣಿನ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಪಿಕ್ಸೆಲ್ ಸರಿಹೋದರೂ ಉಳಿಯುವ ಸಮಸ್ಯೆ ಒಂದಿದೆ.

ಒಂದು ಬೆರಳನ್ನು ಮೂಗಿನ ಹತ್ತಿರ ತನ್ನಿ. ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಎರಡೂ ಕಣ್ಣು ಒಳಮುಖವಾಗಿ ತಿರುಗುತ್ತವೆ. ಜೊತೆಗೆ ಕಣ್ಣಿನೊಳಗಿನ ಮಸೂರ ದಪ್ಪಗಾಗಿ ಫೋಕಸ್ ಮಾಡುತ್ತದೆ. ಚಿಕ್ಕಂದಿನಿಂದ ಈ ಎರಡೂ ಜೋಡಿ. ಈಗಿನ ಹೆಡ್‌ಸೆಟ್‌ಗಳಲ್ಲಿ ಫೋಕಸ್ ದೂರ ಒಂದೇ ಕಡೆ ನಿಂತಿರುತ್ತದೆ, ಸಾಮಾನ್ಯವಾಗಿ ಒಂದೆರಡು ಮೀಟರ್. ಚಿಟ್ಟೆಯೊಂದು ಮೂಗಿನ ಹತ್ತಿರ ಹಾರಿ ಬಂದರೆ ಕಣ್ಣು ಒಳಗೆ ತಿರುಗುತ್ತವೆ, ಫೋಕಸ್ ಮಾತ್ರ ದೂರದಲ್ಲೇ ಇರಬೇಕು. ಜೋಡಿ ಮುರಿಯಿತು. ತಲೆನೋವು, ಕಣ್ಣು ಉರಿ ಬರುವುದಕ್ಕೆ ಇದೊಂದು ಮುಖ್ಯ ಕಾರಣ. ಹತ್ತಿರದ ವಸ್ತುಗಳನ್ನು ತುಂಬಾ ಹೊತ್ತು ನೋಡುವ ಆ್ಯಪ್‌ಗಳಲ್ಲಿ ಇದು ಜಾಸ್ತಿ.

ಇನ್ನು ವಾಕರಿಕೆ. ಕಣ್ಣು 'ಓಡುತ್ತಿದ್ದೇವೆ' ಎನ್ನುತ್ತದೆ, ಒಳಕಿವಿ 'ಇಲ್ಲ, ಕೂತಿದ್ದೇವೆ' ಎನ್ನುತ್ತದೆ. ಮಿದುಳಿಗೆ ಗಲಿಬಿಲಿ.

ಕಣ್ಣುಪಟ್ಟಿ:
ವಾಕರಿಕೆಗೆ ನಮ್ಮ ಕಡೆಯಿಂದಲೂ ಒಂದು ಕಾರಣ ಇದೆ. ತಲೆ ತಿರುಗಿಸಿದ ಕ್ಷಣದಿಂದ ಚಿತ್ರ ಬದಲಾಗುವ ತನಕ 20 ಮಿಲಿಸೆಕೆಂಡಿಗಿಂತ ಕಡಿಮೆ ಇರಬೇಕು. ಅದಕ್ಕಿಂತ ತಡವಾದರೆ ಲೋಕವೇ ತೂಗಾಡಿದಂತೆ ಅನಿಸುತ್ತದೆ. ಒಳ್ಳೆಯ ಹೆಡ್‌ಸೆಟ್‌ಗಳು ಅದನ್ನು ಸಾಧಿಸಿವೆ. ಈಗ ವಾಕರಿಕೆ ಬರುವುದು ಹೆಚ್ಚಾಗಿ ಕೆಟ್ಟದಾಗಿ ಮಾಡಿದ ಆ್ಯಪ್‌ಗಳಿಂದ. ಕೂತವರನ್ನು ಸ್ಟಿಕ್ ಒತ್ತಿ ಓಡಿಸುವ ಆಟಗಳು.

ತೇಲುಮೋಡ:
ನೋಡಿ, ತಲೆನೋವು, ವಾಕರಿಕೆ, ಮಸುಕು, ಹಣೆ ಮೇಲೆ ಗುರುತು. ಇಷ್ಟೆಲ್ಲ ಇದ್ದೂ ಅದರಲ್ಲಿ ಆಫೀಸ್ ಮಾಡಿ ಎಂದರೆ ಹೇಗೆ? ಚಿಕಿತ್ಸೆಗೆ, ಕಲಿಕೆಗೆ ಸರಿ, ಹೋಗಿ ಬರಬಹುದು. ವಾಸ ಮಾಡಲು ಆಗುವುದಿಲ್ಲ. ನನ್ನ ವಾದ ಅಷ್ಟೇ.

ಅಂಚೆಪೆಟ್ಟಿಗೆ:
ನನಗೆ ತಲೆನೋವಿಗಿಂತ ದೊಡ್ಡ ಚಿಂತೆ ಇನ್ನೊಂದಿದೆ, ಇಲ್ಲಿ ಯಾರೂ ಅದನ್ನು ಹೇಳದಿರುವುದು ನೋಡಿ ಬೇಜಾರಾಯಿತು.

ಹೆಡ್‌ಸೆಟ್ ಕೆಲಸ ಮಾಡಬೇಕಾದರೆ ನಿಮ್ಮ ತಲೆ, ಎರಡೂ ಕೈ ಎಲ್ಲಿವೆ ಎಂದು ಸೆಕೆಂಡಿಗೆ ಹತ್ತಾರು ಸಲ ಅಳೆಯಲೇಬೇಕು. ಬೇಡ ಎನ್ನುವ ಬಟನ್ ಇಲ್ಲ, ಅಳೆಯದಿದ್ದರೆ ವಿಆರ್ ಇಲ್ಲ. ಆ ಅಳತೆಯಿಂದ ಏನು ಗೊತ್ತಾಗುತ್ತದೆ? ಸ್ಟ್ಯಾನ್‌ಫರ್ಡ್‌ನವರು 2020ರಲ್ಲಿ 511 ಜನರಿಗೆ ವಿಆರ್‌ನಲ್ಲಿ 360 ಡಿಗ್ರಿ ವಿಡಿಯೊ ತೋರಿಸಿದರು. ಐದು ನಿಮಿಷಕ್ಕಿಂತ ಕಡಿಮೆ ಚಲನೆಯ ದಾಖಲೆಯಿಂದ ಶೇ. 95ರಷ್ಟು ಸರಿಯಾಗಿ, ಇದು ಯಾರು ಎಂದು ಕಂಪ್ಯೂಟರ್ ಗುರುತಿಸಿತು. 2023ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಬೀಟ್ ಸೇಬರ್ ಎಂಬ ವಿಆರ್ ಆಟ ಆಡುವ 55,000ಕ್ಕೂ ಹೆಚ್ಚು ಜನರ ದಾಖಲೆ ತೆಗೆದುಕೊಂಡರು. 100 ಸೆಕೆಂಡಿನ ಚಲನೆ ಸಾಕಾಯಿತು, ಶೇ. 94ರಷ್ಟು ಸರಿ.

ನೀವು ಅವತಾರ್ (ವಿಆರ್ ಒಳಗೆ ನಿಮ್ಮ ಬದಲು ಕಾಣುವ ಗೊಂಬೆ) ಬದಲಾಯಿಸಿ, ಹೆಸರು ಬದಲಾಯಿಸಿ, ದನಿ ಬದಲಾಯಿಸಿ. ಕೈ ಎತ್ತುವ ರೀತಿ, ತಲೆ ಓರೆ ಮಾಡುವ ರೀತಿ ಬದಲಾಗುವುದಿಲ್ಲ.

ನಡುರಾತ್ರಿ:
ಫೋನ್ ಕೂಡ ನಮ್ಮ ಬಗ್ಗೆ ಎಲ್ಲ ತಿಳಿದುಕೊಂಡಿದೆಯಲ್ಲ. ಹೊಸದೇನಿದೆ?

ಅಂಚೆಪೆಟ್ಟಿಗೆ:
ಫೋನ್ ಮನೆಯಲ್ಲಿ ಬಿಟ್ಟು ಹೋಗಬಹುದು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಮೈ ಚಲನೆ ಕಳುವಾದರೆ ಏನು ಬದಲಾಯಿಸುತ್ತೀರಿ? ಅದೂ ಅಲ್ಲದೆ ಮೈ ಚಲನೆಯಲ್ಲಿ ವಯಸ್ಸು, ಎತ್ತರ, ಕೈನಡುಕ ಎಲ್ಲ ಕಾಣುತ್ತದೆ. ಕೈನಡುಕ ವೈದ್ಯರಿಗೆ ಕಂಡರೆ ಒಳ್ಳೆಯದು. ವಿಮೆ ಮಾರುವವರಿಗೆ ಕಂಡರೆ? ನಿಮಗಿಂತ ಮುಂಚೆ ಅವರಿಗೆ ಗೊತ್ತಾದರೆ? ಕಣ್ಣಿನ ಟ್ರ್ಯಾಕಿಂಗ್ ಸೇರಿದರೆ ಇನ್ನೂ ಮುಂದೆ ಹೋಗುತ್ತದೆ. ಯಾವುದರ ಮೇಲೆ ನೋಟ ಎಷ್ಟು ಹೊತ್ತು ನಿಂತಿತು ಎನ್ನುವುದು ನಮ್ಮ ಬಾಯಿಂದ ಬಾರದ ಉತ್ತರ.

ಕಣ್ಣುಪಟ್ಟಿ:
ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ವಿಷನ್ ಪ್ರೊದಲ್ಲಿ ನೀವು ಎಲ್ಲಿ ನೋಡುತ್ತಿದ್ದೀರಿ ಎನ್ನುವುದನ್ನು ಆ್ಯಪ್‌ಗಳಿಗೆ ಕೊಡುವುದಿಲ್ಲ ಎಂದು ಆ್ಯಪಲ್ ಹೇಳಿದೆ. ಬೆರಳು ಜೋಡಿಸಿ ಆರಿಸಿದಾಗ, ಆರಿಸಿದ್ದು ಯಾವುದು ಎನ್ನುವುದಷ್ಟೇ ಆ್ಯಪ್‌ಗೆ ತಲುಪುತ್ತದೆ. ಹೀಗೆ ಕಟ್ಟಲು ಸಾಧ್ಯ ಇದೆ.

ಅಂಚೆಪೆಟ್ಟಿಗೆ:
ಸಾಧ್ಯ ಇದೆ ಎಂದಮೇಲೆ ಅದನ್ನು ಎಲ್ಲರಿಗೂ ಕಾನೂನಾಗಿ ಮಾಡಿ ಎನ್ನುತ್ತಿದ್ದೇನೆ. ಕಂಪನಿ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವ ಹಾಗೆ ಇರಬಾರದು.

ಹಳೇಗಡಿಯಾರ:
ಅಂಚೆಪೆಟ್ಟಿಗೆಯವರ ಮಾತು ನೂರಕ್ಕೆ ನೂರು ಸರಿ.

ಮಳೆಬಿಲ್ಲು:
ಒಳ್ಳೆಯದೂ ಹೇಳುತ್ತೇನೆ. ತಂಗಿ ಬೇರೆ ಖಂಡದಲ್ಲಿದ್ದಾಳೆ. ವಿಡಿಯೊ ಕಾಲ್‌ನಲ್ಲಿ ಮಾತು ಬೇಗ ಮುಗಿಯುತ್ತದೆ. 'ಮತ್ತೇನು ಸಮಾಚಾರ' ಎಂದು ಎರಡು ಸಲ ಕೇಳಿದರೆ ಆಯಿತು. ವಿಆರ್‌ನಲ್ಲಿ ಇಬ್ಬರೂ ಸೇರಿ ಮೀನು ಹಿಡಿಯುವ ಆಟ ಆಡುತ್ತೇವೆ. ಆಟ ನೆಪ ಅಷ್ಟೇ. ಅವಳ ದನಿ ನನ್ನ ಎಡಗಡೆಯಿಂದ ಬರುತ್ತದೆ, ತಿರುಗಿದರೆ ಅಲ್ಲೇ ಇರುತ್ತಾಳೆ. ತುಂಬಾ ಹೊತ್ತು ಸುಮ್ನೆ ಇರುತ್ತೇವೆ. ಸುಮ್ನೆ ಇರುವುದಕ್ಕೆ ಫೋನ್‌ನಲ್ಲಿ ಜಾಗ ಇಲ್ಲ. ಅವಳು ಯೋಚನೆ ಮಾಡುವಾಗ ತಲೆ ಬಲಕ್ಕೆ ವಾಲಿಸುತ್ತಾಳೆ, ಚಿಕ್ಕಂದಿನಿಂದಲೂ ಹಾಗೇ. ಅವಳ ಅವತಾರ್ ಕೂಡ ಹಾಗೇ ವಾಲುತ್ತದೆ.

ಹೌದು, ಕಂಪ್ಯೂಟರ್ ಗುರುತು ಹಿಡಿಯುವುದೂ ಅದನ್ನೇ ಅಂತ ಈಗ ಓದಿದೆ. ಆದರೂ ಅದು ನನಗೆ ಬೇಕು.

ಗುಬ್ಬಿಗೂಡು:
ಗೊತ್ತಿರುವವರ ಜೊತೆ ಚೆಂದ. ಅಪರಿಚಿತರ ಜೊತೆ ಬೇರೆ ಕಥೆ. ಒಂದು ವಿಆರ್ ಹರಟೆಕೋಣೆಗೆ ಹೋಗಿದ್ದೆ. ನನ್ನ ದನಿ ಕೇಳಿದ ಕೂಡಲೇ ಇಬ್ಬರು ಬಂದು ಮೈಗೆ ತಾಗುವಷ್ಟು ಹತ್ತಿರ ನಿಂತರು. ಮುಟ್ಟಿದರೆ ತಗಲುವುದಿಲ್ಲ, ಗೊತ್ತು. ಆದರೂ ನಾನು ನಿಜವಾಗಿ ಹಿಂದೆ ಸರಿದು ಗೋಡೆಗೆ ಬೆನ್ನು ತಾಗಿಸಿ ನಿಂತಿದ್ದೆ. ಎದೆ ಬಡಿತ ನಿಜ, ಬೆವರು ನಿಜ. 'ಬರೀ ಆಟ ತಾನೇ' ಎನ್ನುವವರಿಗೆ ಇದನ್ನು ಹೇಗೆ ವಿವರಿಸಲಿ?

ಸೂಜಿಮೊನೆ:
ವಿವರಿಸಬೇಕಾದ್ದೇನೂ ಇಲ್ಲ ಅಕ್ಕಾ. ಹಿಮದ ಕಣಿವೆ ನೋಡಿ ನೋವು ಕಡಿಮೆ ಆಗುವುದನ್ನು ನಂಬುವವರು, ಹತ್ತಿರ ನಿಂತವರಿಂದ ಭಯ ಆಗುವುದನ್ನೂ ನಂಬಲೇಬೇಕು. ಎರಡೂ ಒಂದೇ ಶಕ್ತಿಯಿಂದ ಆಗುವುದು.

ಕಣ್ಣುಪಟ್ಟಿ:
ಇದಕ್ಕೆ ಕೆಲವು ಕಡೆ ದಾರಿ ಮಾಡಿದ್ದಾರೆ. ಮೆಟಾದ ಹರಟೆ-ಆಟದ ಲೋಕ ಹೊರೈಜನ್ ವರ್ಲ್ಡ್ಸ್‌ನಲ್ಲಿ 2022ರ ಫೆಬ್ರವರಿಯಲ್ಲಿ ಸುಮಾರು ನಾಲ್ಕು ಅಡಿ ಅಂತರದ ಗೆರೆ ತಂದರು, ಇನ್ನೊಂದು ಅವತಾರ್ ಅದನ್ನು ದಾಟಿ ಬರಲಾಗುತ್ತಿರಲಿಲ್ಲ. ಬೇರೆ ಆ್ಯಪ್‌ಗಳಲ್ಲೂ ಸೆಟ್ಟಿಂಗ್ಸ್‌ನಲ್ಲಿ ಇಂಥದ್ದು ಇರುತ್ತದೆ, ಹುಡುಕಿ ಆನ್ ಮಾಡಿಕೊಳ್ಳಿ.

ಗುಬ್ಬಿಗೂಡು:
ಹುಡುಕಿ ಆನ್ ಮಾಡುವುದಲ್ಲ, ಮೊದಲಿನಿಂದಲೇ ಆನ್ ಇರಬೇಕು. ಬೇಡವಾದವರು ಆಫ್ ಮಾಡಿಕೊಳ್ಳಲಿ.

ದಾರಿಹೋಕ:
ಎಷ್ಟೊಂದು ಉತ್ತರ, ಎಲ್ಲರಿಗೂ ಧನ್ಯವಾದ. ಇದೆಲ್ಲ ಓದಿದ ಮೇಲೆ ಮಗಳ ಬಗ್ಗೆ ಯೋಚನೆ ಆಗುತ್ತಿದೆ. ಅವಳಿಗೆ 11 ವರ್ಷ. ಮೆಟಾದವರು 2023ರಲ್ಲಿ ವಯಸ್ಸಿನ ಮಿತಿಯನ್ನು 13ರಿಂದ 10ಕ್ಕೆ ಇಳಿಸಿದ್ದಾರೆ, ಹಾಗಾಗಿ ಕೊಟ್ಟಿದ್ದೆ. ಕೊಡಬಹುದಾ?

ಬೆಳಕಿನಕಿಂಡಿ:
ಮಿತಿ ಇಳಿದರೆ ಕಣ್ಣಿನ ಬೆಳವಣಿಗೆ ಬೇಗ ಆಗುವುದಿಲ್ಲ. ಕಡಿಮೆ ಹೊತ್ತು, ನಡುನಡುವೆ ಬಿಡುವು, ದೂರ ನೋಡುವ ಆಟ. ತಲೆನೋವು ಎಂದರೆ ಆ ದಿನಕ್ಕೆ ನಿಲ್ಲಿಸಿ. ಎರಡು ಮಸೂರಗಳ ನಡುವಿನ ಅಂತರ ಅವಳ ಕಣ್ಣಿಗೆ ಹೊಂದುತ್ತದಾ ನೋಡಿ. ದೊಡ್ಡವರ ಅಳತೆಯಲ್ಲಿ ಬಿಟ್ಟಿರುವುದೇ ತುಂಬಾ ಮನೆಗಳಲ್ಲಿ ಆಗುವ ತಪ್ಪು.

ಹಳೇಗಡಿಯಾರ:
ಕಣ್ಣಿಗಿಂತ ನೆನಪಿನ ಬಗ್ಗೆ ಯೋಚಿಸಿ. 2009ರ ಸ್ಟ್ಯಾನ್‌ಫರ್ಡ್ ಅಧ್ಯಯನ ಒಂದಿದೆ. ತಾವೇ ತಿಮಿಂಗಿಲಗಳ ಜೊತೆ ಈಜುವುದನ್ನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಿಆರ್‌ನಲ್ಲಿ ತೋರಿಸಿದರು. ಆಮೇಲೆ ಕೇಳಿದಾಗ ಹಲವು ಮಕ್ಕಳು ಅದು ನಿಜವಾಗಿ ನಡೆದದ್ದು ಎಂದೇ ನಂಬಿದ್ದರು. ನಿಮ್ಮ ಮಗಳು ದೊಡ್ಡವಳು, ಅಷ್ಟು ಗೊಂದಲ ಆಗಲಿಕ್ಕಿಲ್ಲ. ಆದರೆ ಅವಳು ಒಳಗೆ ಏನು ನೋಡುತ್ತಾಳೆ ಎನ್ನುವುದನ್ನು ಟಿವಿಗೆ ಹಾಕಿಕೊಂಡು ನೀವೂ ನೋಡಿ. ಮನೆಯವರೆಲ್ಲ ಒಂದೇ ಕೋಣೆಯಲ್ಲಿದ್ದು ಒಬ್ಬರು ಮಾತ್ರ ಬೇರೆ ಲೋಕದಲ್ಲಿರುವುದು, ನನಗೆ ಈ ಸಾಧನದಲ್ಲಿ ಸರಿ ಕಾಣದ ಸಂಗತಿ ಅದೊಂದೇ.

ನಡುರಾತ್ರಿ:
ಅದಕ್ಕೇ ಈಗ ಪಾಸ್‌ಥ್ರೂ ಬಂದಿದೆ, ಕ್ಯಾಮೆರಾ ಮೂಲಕ ಹೊರಗಿನದೂ ಕಾಣುತ್ತದೆ.

ಹಳೇಗಡಿಯಾರ:
ಒಳಗಿದ್ದವರಿಗೆ ಹೊರಗಿನವರು ಕಾಣುತ್ತಾರೆ. ಹೊರಗಿನವರಿಗೆ ಒಳಗಿದ್ದವರ ಕಣ್ಣು ಕಾಣಬೇಕಲ್ಲ? ವಿಷನ್ ಪ್ರೊದಲ್ಲಿ ಮುಂಭಾಗದ ಪರದೆಯಲ್ಲಿ ಕಣ್ಣಿನ ಚಿತ್ರ ತೋರಿಸುತ್ತಾರೆ. ಅದು ಚಿತ್ರ ಅಷ್ಟೇ.

ಮಳೆಬಿಲ್ಲು:
ನಂದೂ ಒಂದು ಪ್ರಶ್ನೆ. ಅಮ್ಮನಿಗೆ ಮಂಡಿನೋವು, ಹೊರಗೆ ಹೋಗುವುದೇ ಕಡಿಮೆ. ಸಮುದ್ರ ತೋರಿಸೋಣ ಎಂದಿದ್ದೇನೆ. ಮೊದಲ ಸಲ ಹೇಗೆ ಹಾಕಿಸಬೇಕು?

ಸೂಜಿಮೊನೆ:
ಗಟ್ಟಿಯಾದ, ಕೈಯಿರುವ ಕುರ್ಚಿಯಲ್ಲಿ ಕೂರಿಸಿ. ಚಕ್ರ ಇರುವ ಕುರ್ಚಿ ಬೇಡ. ನಿಂತು ನೋಡುವುದು ಬೇಡವೇ ಬೇಡ, ಕಾಲ ಕೆಳಗೆ ಅಲೆ ಬಂದರೆ ಹಿಂದೆ ಹೆಜ್ಜೆ ಇಡುತ್ತಾರೆ. ಮೊದಲು ನೀವು ಹಾಕಿ, ದೃಶ್ಯ ಶುರು ಮಾಡಿ, ಆಮೇಲೆ ಅವರಿಗೆ ಹಾಕಿ. ಮೆನುವಿನಲ್ಲಿ ಸಿಕ್ಕಿಕೊಂಡರೆ ಅಲ್ಲೇ ಬೇಸರ ಬರುತ್ತದೆ. ದಡದಲ್ಲಿ ಸ್ಥಿರವಾಗಿ ಕೂತು ನೋಡುವಂಥದ್ದು ಇರಲಿ, ದೋಣಿ ಬೇಡ. ಕಿವಿಗೆ ಇಯರ್‌ಫೋನ್ ಹಾಕಬೇಡಿ, ನಿಮ್ಮ ದನಿ ಕೇಳುತ್ತಿರಲಿ. ಕೈ ಹಿಡಿದುಕೊಳ್ಳುವುದಾದರೆ ಮೊದಲೇ ಹೇಳಿ ಹಿಡಿಯಿರಿ, ಇಲ್ಲದಿದ್ದರೆ ಬೆಚ್ಚಿಬೀಳುತ್ತಾರೆ. ಐದು ನಿಮಿಷ ಸಾಕು.

ಬೆಳಕಿನಕಿಂಡಿ:
ಅಮ್ಮನಿಗೆ ಕನ್ನಡಕ ಇದ್ದರೆ ಬೈಫೋಕಲ್ ಬೇಡ, ದೂರ ನೋಡುವ ಕನ್ನಡಕವೇ ಇರಲಿ. ಅದರ ಗಾಜು ಹೆಡ್‌ಸೆಟ್ ಮಸೂರಕ್ಕೆ ಉಜ್ಜದ ಹಾಗೆ ಸ್ಪೇಸರ್ ಹಾಕಿ. ಮುಗಿದ ಮೇಲೆ ಹೆಡ್‌ಸೆಟ್ಟನ್ನು ಕಿಟಕಿ ಹತ್ತಿರ ಇಡಬೇಡಿ. ಬಿಸಿಲು ಮಸೂರದ ಮೂಲಕ ಬಿದ್ದರೆ ಒಳಗಿನ ಪರದೆ ಸುಟ್ಟು ಹೋಗುತ್ತದೆ.

ಮಳೆಬಿಲ್ಲು:
ಸರಿ, ಮೊದಲು ಬರೀ ಕುರ್ಚಿ, ದಡ, ಐದು ನಿಮಿಷ. ಅಮ್ಮ ಒಪ್ಪಿದರೆ ತಂಗಿಯನ್ನೂ ಅಲ್ಲಿಗೆ ಕರೆಯುತ್ತೇನೆ.